ಜಪಾನೀ ಫ್ಯೂಷನ್ ರೆಸ್ಟೋರೆಂಟಿನಲ್ಲಿ ಊಟ: ಮೇಜು ಕಾದಿರಿಸುವುದರಿಂದ ಬಿಲ್ಲಿನವರೆಗೆ

ನಗರದ ಫ್ಯಾಷನಬಲ್ ಬಡಾವಣೆಯಲ್ಲಿರುವ ಜಪಾನೀ ಫ್ಯೂಷನ್ ರೆಸ್ಟೋರೆಂಟಿಗೆ ಮೊದಲ ಸಲ ಹೋದವರನ್ನು ತಬ್ಬಿಬ್ಬು ಮಾಡುವುದು ಅಲ್ಲಿನ ಮಂದ ಬೆಳಕಾಗಲಿ ದುಬಾರಿ ಪೀಠೋಪಕರಣಗಳಾಗಲಿ ಅಲ್ಲ, ಮೆನು. ಒಂದೇ ಸಾಲಿನಲ್ಲಿ ಅರ್ಧ ಜಪಾನೀ ಹೆಸರು, ಅರ್ಧ ಮೆಕ್ಸಿಕೋದ್ದೋ ಇಟಲಿಯದ್ದೋ ಪೆರುವಿನದ್ದೋ ಹೆಸರು. ಯಾವುದು ಹಸಿ, ಯಾವುದು ಬೇಯಿಸಿದ್ದು, ಎಷ್ಟು ತರಿಸಿದರೆ ಹೊಟ್ಟೆ ತುಂಬುತ್ತದೆ ಎಂಬುದೊಂದೂ ಮೇಲ್ನೋಟಕ್ಕೆ ತಿಳಿಯುವುದಿಲ್ಲ. ಹೀಗಾಗಿ ಕೆಲವರು ಗೊತ್ತಿರುವ ಒಂದೆರಡು ಹೆಸರುಗಳನ್ನೇ ಹಿಡಿದುಕೊಂಡು ಊಟ ಮುಗಿಸುತ್ತಾರೆ, ಇನ್ನು ಕೆಲವರು ಪಕ್ಕದ ಮೇಜಿಗೆ ಬಂದದ್ದನ್ನೆಲ್ಲ ತರಿಸಿ ಕೊನೆಗೆ ನಾಲಿಗೆಗೆ ಒಂದೂ ಬೇರೆಯಾಗಿ ನೆನಪುಳಿಯದೆ ಎದ್ದು ಬರುತ್ತಾರೆ.

ಇಂಥ ಅಡುಗೆಮನೆಯನ್ನು ಅದು ಏನನ್ನು ಬೆರೆಸಿದೆ ಎಂಬುದರಿಂದ ಅಳೆಯಬಾರದು, ಏನನ್ನು ಬೆರೆಸದೆ ಕಾಪಾಡಿಕೊಂಡಿದೆ ಎಂಬುದರಿಂದ ಅಳೆಯಬೇಕು ಎಂಬುದು ನನ್ನ ಅಭಿಪ್ರಾಯ. ಅನ್ನ, ದಾಶಿ ಎಂಬ ತಿಳಿಸಾರು ಮತ್ತು ಚಾಕುವಿನ ಕೆಲಸ, ಈ ಮೂರೂ ಗಟ್ಟಿಯಾಗಿರುವ ಕಡೆ ಮೇಲಿನ ಸಾಸ್ ಯಾವ ದೇಶದ್ದಾದರೂ ಊಟ ಕೆಡುವುದಿಲ್ಲ. ಆ ಮೂರು ಸಡಿಲವಾಗಿದ್ದರೆ ಎಷ್ಟು ಬಗೆಯ ಸಾಸ್ ಸುರಿದರೂ ಊಟ ಏಳುವುದಿಲ್ಲ. ಮುಂದೆ ಹೇಳುವ ಹಂತಗಳೆಲ್ಲ ಈ ಮೂರನ್ನು ಹುಡುಕಿ ತಿನ್ನುವ ದಾರಿಗಳು.

ಬೆರಕೆಯ ಬಗ್ಗೆ ಸ್ವಲ್ಪ ಹಿನ್ನೆಲೆ

ಫ್ಯೂಷನ್ ಎಂದರೆ ಶುದ್ಧವಾದ ಜಪಾನೀ ಅಡುಗೆಯನ್ನು ಕೆಡಿಸಿದ ರೂಪ ಎಂದು ಮೂಗು ಮುರಿಯುವವರು ಜಪಾನಿನ ಇತಿಹಾಸವನ್ನೊಮ್ಮೆ ನೋಡಬೇಕು. ಕರಿಯುವ ವಿಧಾನವಾದ ತೆಂಪುರಾ 16ನೇ ಶತಮಾನದಲ್ಲಿ ಬಂದ ಪೋರ್ಚುಗೀಸರಿಂದ ಕಲಿತದ್ದು. ಕ್ರಿ.ಶ. 675ರಲ್ಲಿ ತೆನ್ಮು ಚಕ್ರವರ್ತಿ ದನ, ಕುದುರೆ, ಕೋಳಿ ಮೊದಲಾದ ಪ್ರಾಣಿಗಳ ಮಾಂಸವನ್ನು ನಿಷೇಧಿಸಿದ ಮೇಲೆ ಬಹುಕಾಲ ಮಾಂಸಾಹಾರಕ್ಕೆ ಒಂದು ಬಗೆಯ ಕಳಂಕ ಅಂಟಿಕೊಂಡಿತ್ತು. 1872ರಲ್ಲಿ ಮೇಜಿ ಚಕ್ರವರ್ತಿ ದನದ ಮಾಂಸ ತಿಂದ ಸುದ್ದಿ ಬಹಿರಂಗವಾದ ನಂತರ ಪಾಶ್ಚಾತ್ಯ ಅಡುಗೆಯನ್ನು ಜಪಾನೀ ರುಚಿಗೆ ಹೊಂದಿಸುವ ಯೋಶೊಕು ಎಂಬ ಶೈಲಿಯೇ ಬೆಳೆಯಿತು. ಅದರ ಒಂದು ಪ್ರಮುಖ ತಾಣ ಟೋಕಿಯೋದ ಗಿಂಜಾ, ಅಂದರೆ ಆ ಕಾಲದ ಅತ್ಯಂತ ಫ್ಯಾಷನಬಲ್ ಬಡಾವಣೆ. ಅಲ್ಲಿ 1895ರಲ್ಲಿ ತೆರೆದ ರೆಂಗಾತೆಯ್ ಎಂಬ ಹೋಟೆಲು ಹಂದಿಮಾಂಸದ ಕಟ್ಲೆಟ್ಟನ್ನು ತೆಂಪುರಾದಂತೆ ಎಣ್ಣೆಯಲ್ಲಿ ಮುಳುಗಿಸಿ ಕರಿದು ಕೊಟ್ಟದ್ದು ಇಂದಿನ ತೊಂಕಾಟ್ಸುವಿನ ಪೂರ್ವಜ ಎನ್ನುತ್ತಾರೆ. ಶೋಕಿಯ ಬೀದಿಯಲ್ಲಿ ಬೆರಕೆ ಊಟ ಮಾಡುವುದು ಹೊಸ ಖಯಾಲಿಯೇನಲ್ಲ.

ಇಂದಿನ ಮೆನುಗಳಲ್ಲಿ ಕಾಣುವ ಬೆರಕೆಗೆ ಇನ್ನೆರಡು ಮೂಲಗಳಿವೆ. ಮೊದಲನೆಯದು ನಿಕ್ಕೆಯ್ ಅಡುಗೆ. 1899ರಲ್ಲಿ ಸಕುರಾ ಮಾರು ಎಂಬ ಹಡಗಿನಲ್ಲಿ ಪೆರುವಿಗೆ ಹೋದ ಜಪಾನೀ ಕೂಲಿಗಳ ಸಂತತಿಯವರು ಅಲ್ಲಿನ ನಿಂಬೆ, ಮೆಣಸಿನಕಾಯಿ, ಮೆಕ್ಕೆಜೋಳಗಳ ಜೊತೆಗೆ ತಮ್ಮ ಮೀನು ಕೊಯ್ಯುವ ಕೌಶಲವನ್ನು ಸೇರಿಸಿ ಇದನ್ನು ರೂಪಿಸಿದರು. ಎರಡನೆಯದು ಉತ್ತರ ಅಮೆರಿಕದ ಪಶ್ಚಿಮ ಕರಾವಳಿಯ ರೋಲ್‌ಗಳು, ಅಂದರೆ ಅನ್ನವನ್ನೂ ಮೀನನ್ನೂ ಕಡಲಪಾಚಿಯ ಹಾಳೆಯ ಜೊತೆ ಸುತ್ತಿ ಕೊಯ್ದ ಸುರುಳಿಗಳು. ಕ್ಯಾಲಿಫೋರ್ನಿಯಾ ರೋಲ್ ಅನ್ನು ಮೊದಲು ಮಾಡಿದವರು ಲಾಸ್ ಏಂಜಲೀಸಿನವರೋ ವ್ಯಾಂಕೂವರಿನವರೋ ಎಂಬ ಜಗಳ ಇನ್ನೂ ಮುಗಿದಿಲ್ಲ. ಅವಕಾಡೊ ಒಳಗೆ ಬಂದದ್ದು, ಕಡಲಪಾಚಿಯ ಹಾಳೆ ಒಳಗೆ ಸರಿದು ಅನ್ನ ಹೊರಗೆ ಬಂದದ್ದು ಮಾತ್ರ ಅಲ್ಲಿಂದಲೇ. ಇವೆರಡನ್ನೂ ದುಬಾರಿ ಊಟದ ಲೋಕಕ್ಕೆ ಒಯ್ದವರಲ್ಲಿ ಜಪಾನೀ ಬಾಣಸಿಗ ನೊಬು ಮಾತ್ಸುಹಿಸ ಪ್ರಮುಖರು. ಪೆರುವಿನ ಲಿಮಾದಲ್ಲಿ ಕೆಲಸ ಮಾಡಿದ ಅವರು 1987ರಲ್ಲಿ ಬೆವರ್ಲಿ ಹಿಲ್ಸ್‌ನಲ್ಲಿ ಮಾತ್ಸುಹಿಸ ಎಂಬ ರೆಸ್ಟೋರೆಂಟನ್ನೂ 1994ರಲ್ಲಿ ನ್ಯೂಯಾರ್ಕಿನ ಟ್ರೈಬೆಕಾದಲ್ಲಿ ನಟ ರಾಬರ್ಟ್ ಡಿ ನಿರೋ ಜೊತೆಗೂಡಿ ನೊಬು ಎಂಬುದನ್ನೂ ತೆರೆದರು. ಇಂದು ಯಾವ ನಗರದ ಫ್ಯೂಷನ್ ಮೆನು ತೆಗೆದರೂ ಅವರ ಅಡುಗೆಯ ನೆರಳು ಕಾಣುತ್ತದೆ.

ಮೇಜು ಕಾದಿರಿಸುವಾಗ

ಇಂಥ ಜಾಗಗಳಿಗೆ ಮುಂಚಿತವಾಗಿ ಕಾದಿರಿಸದೆ ಹೋಗುವುದು, ಅದರಲ್ಲೂ ವಾರಾಂತ್ಯದ ರಾತ್ರಿ, ಬಾಗಿಲಲ್ಲಿ ನಿಲ್ಲುವುದಕ್ಕೆ ಸಿದ್ಧರಾಗಿ ಹೋದಂತೆ. ಆಯ್ಕೆ ನಿಮ್ಮ ಕೈಯಲ್ಲಿದ್ದರೆ ವಾರದ ನಡುವಿನ ದಿನವನ್ನು, ಸಂಜೆ ತೆರೆದ ಕೂಡಲೇ ಇರುವ ಸಮಯವನ್ನು ಆರಿಸಿಕೊಳ್ಳಿ. ಆಗ ಅಡುಗೆಮನೆಯ ಮೇಲೆ ಒತ್ತಡ ಕಡಿಮೆ, ಬಡಿಸುವವರಿಗೆ ನಿಮ್ಮ ಪ್ರಶ್ನೆಗಳನ್ನು ಕೇಳಿಸಿಕೊಳ್ಳುವಷ್ಟು ಪುರುಸೊತ್ತು, ಸಂಗೀತದ ಸದ್ದೂ ಇನ್ನೂ ಏರಿರುವುದಿಲ್ಲ.

ಒಬ್ಬರೋ ಇಬ್ಬರೋ ಹೋಗುವುದಾದರೆ ಸುಶಿ, ಅಂದರೆ ವಿನೆಗರ್ ಬೆರೆಸಿದ ಅನ್ನದ ತಿನಿಸು, ಮಾಡುವ ಕೌಂಟರಿನ ಎದುರಿನ ಕುರ್ಚಿಗಳನ್ನೇ ಕೇಳಿ. ಮೀನು ಕೊಯ್ಯುವುದನ್ನು, ಅನ್ನ ಹಿಡಿಯುವುದನ್ನು ಕಣ್ಣಾರೆ ಕಾಣುವ ಜಾಗ ಅದೊಂದೇ. ಈ ದಿನ ಯಾವುದು ಚೆನ್ನಾಗಿದೆ ಎಂಬ ಪ್ರಶ್ನೆಗೆ ನೇರವಾದ ಉತ್ತರವೂ ಅಲ್ಲೇ ಸಿಗುತ್ತದೆ. ನಾಲ್ವರಿಗಿಂತ ಹೆಚ್ಚಿದ್ದರೆ ಕೌಂಟರ್ ಬೇಡ, ಒಂದೇ ಸಾಲಿನಲ್ಲಿ ಕೂತವರು ತಟ್ಟೆ ಹಂಚಿಕೊಳ್ಳುವುದು ಕಷ್ಟ.

ಕಾದಿರಿಸುವಾಗಲೇ ಹೇಳಬೇಕಾದ ಸಂಗತಿಗಳಿವೆ: ಯಾರಿಗಾದರೂ ಅಲರ್ಜಿ ಇದ್ದರೆ ಅದು, ಸಸ್ಯಾಹಾರಿಗಳಿದ್ದರೆ ಅದು, ಮದ್ಯದ ಲೇಶವೂ ಆಗದವರಿದ್ದರೆ ಅದು. ಜಪಾನೀ ಅಡುಗೆಯಲ್ಲಿ ಸಾರು, ಸಾಸ್, ನೆನೆಹಾಕುವ ದ್ರವಗಳೆಲ್ಲ ಬೆಳಿಗ್ಗೆಯೇ ಸಿದ್ಧವಾಗಿರುತ್ತವೆ. ಮೇಜಿಗೆ ಕೂತ ಮೇಲೆ ಹೇಳಿದರೆ ಅಡುಗೆಯವರು ತಟ್ಟೆಯಿಂದ ಏನನ್ನಾದರೂ ತೆಗೆಯಬಲ್ಲರೇ ಹೊರತು ಬೇರೆಯಾಗಿ ಮಾಡಿಕೊಡಲಾರರು. ಒಮಾಕಾಸೆ, ಅಂದರೆ ಆಯ್ಕೆಯನ್ನು ಬಾಣಸಿಗರಿಗೇ ಬಿಡುವ ಊಟ ಬೇಕಿದ್ದರೆ ಈ ಮಾತು ಇನ್ನೂ ಮುಖ್ಯ. ಜೊತೆಗೆ ರದ್ದು ಮಾಡಿದರೆ ಹಣ ಹಿಡಿದುಕೊಳ್ಳುತ್ತಾರೆಯೇ, ಮೇಜು ಇಷ್ಟೇ ಹೊತ್ತು ಎಂಬ ಮಿತಿ ಇದೆಯೇ, ಉಡುಪಿನ ನಿಯಮವಿದೆಯೇ ಎಂದೂ ಕೇಳಿಕೊಳ್ಳಿ. ಸುಗಂಧದ್ರವ್ಯವನ್ನು ಮಾತ್ರ ನಿಯಮವಿಲ್ಲದಿದ್ದರೂ ಕಡಿಮೆ ಹಚ್ಚಿಕೊಂಡು ಹೋಗಿ. ಹಸಿ ಮೀನಿನ ಮೆಲುಪರಿಮಳ ಅದರ ಕೆಳಗೆ ಹೂತುಹೋಗುತ್ತದೆ, ನಿಮ್ಮದಷ್ಟೇ ಅಲ್ಲ, ಪಕ್ಕದವರದ್ದೂ.

ಮೆನು ಓದುವ ಬಗೆ

ಮೆನು ಕೈಗೆ ಬಂದಾಗ ಮೇಲಿನಿಂದ ಕೆಳಕ್ಕೆ ಓದಬೇಡಿ. ಮೊದಲು ಒಂದು ಸರಳ ಜಪಾನೀ ತಿನಿಸು ಎಲ್ಲಿದೆ ಎಂದು ಹುಡುಕಿ: ಸಾದಾ ನಿಗಿರಿ (ಸಣ್ಣ ಅನ್ನದುಂಡೆಯ ಮೇಲೆ ಮೀನಿನ ಹೋಳಿಟ್ಟ ಸುಶಿ), ಒಂದು ಬಟ್ಟಲು ಮಿಸೊ (ಹುದುಗಿಸಿದ ಸೋಯಾ ಮುದ್ದೆ) ಸಾರು, ಅಥವಾ ಹಸಿ ಮೀನಿನ ಸಾಶಿಮಿ. ಅದು ಆ ರೆಸ್ಟೋರೆಂಟಿನ ತಳಪಾಯವನ್ನು ತೋರಿಸುವ ತಟ್ಟೆ. ಎರಡು ತುಂಡು ನಿಗಿರಿಯನ್ನು ಮೊದಲು ತರಿಸಿ ನೋಡಿ, ಉಳಿದದ್ದನ್ನು ಆಮೇಲೆ ನಿರ್ಧರಿಸಿ.

ಆ ನಿಗಿರಿಯಲ್ಲಿ ನೋಡಬೇಕಾದದ್ದು ಮೀನಿಗಿಂತ ಹೆಚ್ಚಾಗಿ ಅನ್ನವನ್ನು. ಸುಶಿಯ ಅನ್ನ ಫ್ರಿಜ್ಜಿನಿಂದ ತೆಗೆದಂತೆ ತಣ್ಣಗಿರಬಾರದು. ಅಂಗೈಯ ಬಿಸುಪಿಗೆ ಹತ್ತಿರವಿರಬೇಕು. ಅಗುಳು ಅಗುಳು ಕಣ್ಣಿಗೆ ಬೇರೆಯಾಗಿ ಕಾಣಬೇಕು, ಎತ್ತಿದಾಗ ಒಡೆಯಬಾರದು, ಬಾಯಲ್ಲಿಟ್ಟ ಕೂಡಲೇ ತಾನಾಗಿ ಬಿಡಿಸಿಕೊಳ್ಳಬೇಕು. ವಿನೆಗರಿನ ಹುಳಿ, ಉಪ್ಪು, ಸಕ್ಕರೆ ಮೂರೂ ಇರಬೇಕು, ಯಾವುದೊಂದೂ ತಾನೇ ಮುಂದಾಗಬಾರದು. ಅನ್ನ ಮುದ್ದೆಗಟ್ಟಿ ತಣ್ಣಗಿದ್ದರೆ ಬೆಳಿಗ್ಗೆ ಮಾಡಿಟ್ಟದ್ದೆಂದು ತಿಳಿಯಿರಿ, ಅಲ್ಲಿ ರೋಲ್‌ಗಳ ಪುಟವನ್ನು ಮಗುಚಿ ಬಿಸಿ ಅಡುಗೆಯ ಪುಟಕ್ಕೆ ಹೋಗುವುದು ಜಾಣತನ.

ಮುಂದೆ ಬೆರಕೆಯ ತಿನಿಸುಗಳಿಗೆ ಬನ್ನಿ. ಇವುಗಳಲ್ಲಿ ಎರಡು ಜಾತಿ. ಒಂದು, ಎರಡು ಅಡುಗೆಮನೆಗಳು ನಿಜವಾಗಿ ಸೇರಿ ಹುಟ್ಟಿದ್ದು. ಇನ್ನೊಂದು, ಒಂದರ ಮೇಲೆ ಇನ್ನೊಂದನ್ನು ಸುರಿದದ್ದು. ಮೊದಲನೆಯದಕ್ಕೆ ಒಳ್ಳೆಯ ಉದಾಹರಣೆ ಬಿಸಿ ಎಣ್ಣೆಯ ಸಾಶಿಮಿ. ಹಸಿ ಮೀನು ಬೇಡವೆಂದು ಗ್ರಾಹಕರೊಬ್ಬರು ತಟ್ಟೆ ಹಿಂದಿರುಗಿಸಿದಾಗ ಮಾತ್ಸುಹಿಸ ಅದನ್ನು ಎಸೆಯಲು ಮನಸ್ಸಾಗದೆ ಕಾದ ಎಣ್ಣೆಯನ್ನು ಅದರ ಮೇಲೆ ಸುರಿದು ಮರಳಿ ಕಳಿಸಿದರಂತೆ, ಅದೇ ಅವರ ಹೆಸರುವಾಸಿ ತಿನಿಸುಗಳಲ್ಲಿ ಒಂದಾಯಿತು. ತೆಳುವಾದ ಹೋಳುಗಳ ಮೇಲೆ ಶುಂಠಿಯ ಎಳೆಗಳು, ಹಸಿರು ಈರುಳ್ಳಿ, ಎಳ್ಳು. ಹೊಗೆಯಾಡುವಷ್ಟು ಕಾಯಿಸಿದ ಆಲಿವ್ ಮತ್ತು ಎಳ್ಳೆಣ್ಣೆ ಬಿದ್ದ ಕಡೆ ಮೀನಿನ ಅಂಚು ಬೆಳ್ಳಗಾಗುತ್ತದೆ, ಒಳಭಾಗ ಹಸಿಯಾಗಿಯೇ ಉಳಿಯುತ್ತದೆ, ಒಂದೇ ತುತ್ತಿನಲ್ಲಿ ಎರಡು ಹದ. ಹಸಿ ಮೀನಿಗೆ ಹಿಂಜರಿಯುವವರು ಶುರುಮಾಡಬೇಕಾದದ್ದು ಇಲ್ಲಿಂದ. ತಿರಾದಿತೊ ಎಂಬುದೂ ಇದೇ ದರ್ಜೆಯದು: ಸಾಶಿಮಿಯಂತೆ ಕೊಯ್ದ ಮೀನಿನ ಮೇಲೆ ಪೆರುವಿನ ನಿಂಬೆ ಮತ್ತು ಮೆಣಸಿನಕಾಯಿಯ ಸಾಸನ್ನು, ಹೆಚ್ಚು ಹೊತ್ತು ನೆನೆಯಲು ಬಿಡದೆ, ಬಡಿಸುವ ಮುಂಚೆ ಸುರಿಯುತ್ತಾರೆ. ಮಿಸೊದಲ್ಲಿ ಎರಡು ಮೂರು ದಿನ ಊರಿಸಿ ಸುಟ್ಟ ಬ್ಲ್ಯಾಕ್ ಕಾಡ್ ಕೂಡ ಕಣ್ಣುಮುಚ್ಚಿ ತರಿಸಬಹುದಾದ ತಿನಿಸು. ಕ್ಯೋಟೋದ ಬಿಳಿ ಮಿಸೊದಲ್ಲಿ ಮೀನು ಊರಿಸಿಡುವ ಹಳೆಯ ವಿಧಾನದಿಂದ ಬಂದದ್ದು ಅದು. (ಆ ಮೀನು ಹೆಸರಿಗೆ ಕಾಡ್ ಆದರೂ ಕಾಡ್ ಜಾತಿಗೆ ಸೇರಿದ್ದಲ್ಲ. ಜಿಡ್ಡು ಜಾಸ್ತಿಯಿರುವುದರಿಂದ ತುಸು ಹೆಚ್ಚು ಹೊತ್ತು ಒಲೆಯ ಮೇಲಿದ್ದರೂ ಒಣಗುವುದಿಲ್ಲ, ಹಾಗಾಗಿ ಸಾಧಾರಣ ಅಡುಗೆಮನೆಯಲ್ಲೂ ಅದು ಕೆಡುವುದು ಅಪರೂಪ.)

ಇವು ಒಂದಕ್ಕೊಂದು ಹೊಂದುವುದಕ್ಕೆ ಕಾರಣ ಬರಿಯ ಕಲ್ಪನಾಶಕ್ತಿಯಲ್ಲ. 1908ರಲ್ಲಿ ಕಿಕುನೆ ಇಕೆಡ ಎಂಬ ರಸಾಯನಶಾಸ್ತ್ರಜ್ಞರು ಕೊಂಬು ಎಂಬ ಕಡಲಪಾಚಿಯ ಸಾರಿನಲ್ಲಿರುವ ರುಚಿಗೆ ಗ್ಲುಟಮೇಟ್ ಕಾರಣವೆಂದು ಕಂಡುಹಿಡಿದು ಅದಕ್ಕೆ ಉಮಾಮಿ ಎಂದು ಹೆಸರಿಟ್ಟರು. ಅದೇ ಗ್ಲುಟಮೇಟ್ ಹಣ್ಣಾದ ಟೊಮೆಟೊದಲ್ಲಿ, ಹಳೆಯ ಪಾರ್ಮೆಸಾನ್ ಚೀಸಿನಲ್ಲಿ ಧಾರಾಳವಾಗಿದೆ. ಕೊಂಬುವಿನ ಗ್ಲುಟಮೇಟಿಗೆ ಒಣಮೀನಿನ ಇನೊಸಿನೇಟ್ ಅಥವಾ ಒಣ ಶಿತಾಕೆ ಅಣಬೆಯ ಗ್ವಾನಿಲೇಟ್ ಸೇರಿದಾಗ ರುಚಿ ಕೂಡುವುದಿಲ್ಲ, ಗುಣಿಸಿಕೊಳ್ಳುತ್ತದೆ. ಹೀಗಾಗಿ ಮಿಸೊ ಮತ್ತು ಚೀಸ್, ದಾಶಿ ಮತ್ತು ಟೊಮೆಟೊ, ಅಣಬೆ ಮತ್ತು ಸೋಯಾ ಸಾಸ್ ಇರುವ ತಟ್ಟೆಗಳನ್ನು ಹೆಸರು ವಿಚಿತ್ರವೆನಿಸಿದರೂ ಧೈರ್ಯವಾಗಿ ತರಿಸಬಹುದು.

ಸುರಿದದ್ದನ್ನು ಗುರುತಿಸುವುದು ಇನ್ನೂ ಸುಲಭ. ಒಂದು ರೋಲಿನ ವಿವರಣೆಯಲ್ಲಿ ಕರಿದ ಸೀಗಡಿ, ಕ್ರೀಮ್ ಚೀಸ್, ಖಾರದ ಮೇಯನೇಸ್, ಸಿಹಿ ಸೋಯಾ ಸಾಸ್, ಗರಿಗರಿ ಪುಡಿ ಎಲ್ಲ ಒಟ್ಟಿಗಿದ್ದರೆ ಆ ರೋಲಿನಲ್ಲಿ ಮೀನಿನ ರುಚಿ ಇರುವುದಿಲ್ಲ, ಇರಬೇಕೆಂಬ ಉದ್ದೇಶವೂ ಅಲ್ಲಿಲ್ಲ. ಹಸಿವಾದಾಗ ಅದೂ ಚೆನ್ನಾಗಿಯೇ ಇರುತ್ತದೆ, ಆದರೆ ಒಂದು ಮೇಜಿಗೆ ಅಂಥದ್ದು ಒಂದು ಸಾಕು. ಟ್ರಫಲ್ (ಒಂದು ಬಗೆಯ ದುಬಾರಿ ಅಣಬೆ) ಎಣ್ಣೆ ಎಂಬ ಮಾತು ಮೆನುವಿನಲ್ಲಿ ನಾಲ್ಕಾರು ಕಡೆ ಕಂಡರೆ ನಾನು ಆ ಸಾಲುಗಳನ್ನೆಲ್ಲ ಬಿಟ್ಟು ಮುಂದಕ್ಕೆ ಹೋಗುತ್ತೇನೆ. ಮಾರುಕಟ್ಟೆಯಲ್ಲಿರುವ ಅಂಥ ಎಣ್ಣೆಗಳಲ್ಲಿ ಬಹುಪಾಲಿನ ಪರಿಮಳ ಕೃತಕ, ಅದು ಬಿದ್ದ ತಟ್ಟೆಯಲ್ಲಿ ಬೇರೆ ಯಾವುದಕ್ಕೂ ಬಾಯಿಲ್ಲ. ವಾಗ್ಯು (ಜಪಾನೀ ತಳಿಯ ದನದ ಮಾಂಸ) ಎಂದು ದುಬಾರಿ ಬೆಲೆ ಹಾಕಿದ್ದರೆ ಯಾವ ದೇಶದ್ದು, ಯಾವ ದರ್ಜೆಯದು ಎಂದು ಕೇಳಿ, ಉತ್ತರ ತಡವರಿಸಿದರೆ ಬಿಡಿ. ಕೋಬೆ ಎಂಬ ಹೆಸರು ಹ್ಯೋಗೊ ಪ್ರಾಂತ್ಯದ ತಾಜಿಮಾ ತಳಿಯ ದನಗಳಿಗೆ ಮಾತ್ರ ಸಲ್ಲುವಂಥದ್ದು, ಬರ್ಗರಿನ ಒಳಗೆ ಅದು ಸುಮ್ಮನೆ ಬಂದು ಕೂರುವುದಿಲ್ಲ.

ಬಡಿಸುವವರನ್ನು ಕೇಳಲೇಬೇಕಾದದ್ದು

ಸಸ್ಯಾಹಾರಿಗಳು ಇಲ್ಲಿ ಎಲ್ಲರಿಗಿಂತ ಹೆಚ್ಚು ಎಚ್ಚರವಾಗಿರಬೇಕು, ಏಕೆಂದರೆ ಕಣ್ಣಿಗೆ ತರಕಾರಿ ಮಾತ್ರ ಕಾಣುವ ತಟ್ಟೆಯಲ್ಲಿ ಮೀನು ಕರಗಿಹೋಗಿರುತ್ತದೆ. ಸಾಮಾನ್ಯ ದಾಶಿಯನ್ನು ಕೊಂಬು ಮತ್ತು ಕಾಟ್ಸುಓಬುಶಿ, ಅಂದರೆ ಹೊಗೆಯಲ್ಲಿ ಒಣಗಿಸಿ ತೆಳುವಾಗಿ ಹೆರೆದ ಬೊನಿಟೊ ಮೀನಿನಿಂದ ಮಾಡುತ್ತಾರೆ. ಮಿಸೊ ಸಾರು, ತೆಂಪುರಾದ ಜೊತೆಗೆ ಬರುವ ಅದ್ದುವ ಸಾರು, ಕರಿದ ತೋಫುವಿನ ಸುತ್ತಲಿನ ತಿಳಿ, ನೂಡಲ್ಸಿನ ಸಾರು, ಕೆಲವೊಮ್ಮೆ ಸಲಾಡಿನ ಡ್ರೆಸಿಂಗ್ ಕೂಡ ಇದರಿಂದಲೇ ಆಗುತ್ತದೆ. ಬದನೆಕಾಯಿಯ ಮೇಲೆ ಗಾಳಿಗೆ ಅಲುಗಾಡುವ ಕಂದುಬಣ್ಣದ ಪದರಗಳು ಅದೇ ಮೀನಿನವು. ಆದುದರಿಂದ ಇದು ಸಸ್ಯಾಹಾರವೇ ಎಂದು ಕೇಳಬೇಡಿ, ಆ ಪ್ರಶ್ನೆಗೆ ಹೌದು ಎಂಬ ಉತ್ತರ ಸುಲಭವಾಗಿ ಬಂದುಬಿಡುತ್ತದೆ. ಈ ಸಾಸಿನಲ್ಲಿ, ಈ ಸಾರಿನಲ್ಲಿ ಬೊನಿಟೊ ದಾಶಿ ಇದೆಯೇ ಎಂದು ಒಂದೊಂದಕ್ಕೂ ಕೇಳಿ. ಕೊಂಬು ಮತ್ತು ಶಿತಾಕೆಯಿಂದ ಮಾತ್ರ ಮಾಡಿದ ದಾಶಿ ಜಪಾನಿನ ಬೌದ್ಧ ಮಠಗಳ ಶೋಜಿನ್ ರ್‍ಯೋರಿ ಅಡುಗೆಯಲ್ಲಿ ಶತಮಾನಗಳಿಂದ ಬಳಕೆಯಲ್ಲಿದೆ. ಒಳ್ಳೆಯ ಅಡುಗೆಮನೆಗೆ ಅದನ್ನು ಮಾಡುವುದು ಕಷ್ಟದ ಕೆಲಸವಲ್ಲ, ಹೇಳಬೇಕಾದದ್ದು ಮುಂಚಿತವಾಗಿ ಅಷ್ಟೆ. ಮೊಟ್ಟೆ ತಿನ್ನದವರು ತೆಂಪುರಾದ ಹಿಟ್ಟನ್ನೂ ಮೇಯನೇಸನ್ನೂ ನೂಡಲ್ಸನ್ನೂ ಪ್ರತ್ಯೇಕವಾಗಿ ವಿಚಾರಿಸಬೇಕು. ಎಲ್ಲಕ್ಕಿಂತ ಹೆಚ್ಚು ಮರೆತುಹೋಗುವುದು ಕರಿಯುವ ಎಣ್ಣೆ. ಸೀಗಡಿ ಕರಿದ ಬಾಣಲೆಯಲ್ಲೇ ನಿಮ್ಮ ತರಕಾರಿಯೂ ಬೇಯುತ್ತದೆಯೇ ಎಂಬುದು ನಿಮಗೆ ಮುಖ್ಯವಾಗಿದ್ದರೆ ಅದನ್ನೂ ಕೇಳಿ.

ಗೋಧಿ ಆಗದವರಿಗೆ ಸಾಮಾನ್ಯ ಸೋಯಾ ಸಾಸ್ ಆಗುವುದಿಲ್ಲ, ಅದನ್ನು ಸೋಯಾ ಮತ್ತು ಗೋಧಿ ಎರಡರಿಂದಲೂ ತಯಾರಿಸುತ್ತಾರೆ. ತಮಾರಿ ಎಂಬ ಬಗೆಯಲ್ಲಿ ಸಾಮಾನ್ಯವಾಗಿ ಗೋಧಿ ಇರುವುದಿಲ್ಲ, ಆದರೂ ಬಾಟಲಿಯ ಮೇಲಿನ ಬರಹವನ್ನು ನೋಡಿ ಹೇಳುವಂತೆ ಕೇಳುವುದು ಕ್ಷೇಮ. ಏಡಿಯ ಮಾಂಸದಂತೆ ಕಾಣುವ ಕೆಂಪು ಬಿಳಿ ಕಡ್ಡಿಗಳು ಬಹುತೇಕ ಅರೆದ ಮೀನಿನ ಮುದ್ದೆಯಿಂದ ಆದವು, ಅವುಗಳಲ್ಲಿ ಗೋಧಿಯೂ ಮೊಟ್ಟೆಯ ಬಿಳಿಯೂ ಇರುವುದು ಸಾಮಾನ್ಯ. ಮದ್ಯವನ್ನು ಪೂರ್ತಿಯಾಗಿ ವರ್ಜಿಸುವವರು ಮಿರಿನ್ ಮತ್ತು ಸಾಕೆ ಎಂಬ ಎರಡು ಅಕ್ಕಿ ಮದ್ಯಗಳ ಹೆಸರುಗಳನ್ನು ನೆನಪಿಟ್ಟುಕೊಳ್ಳಬೇಕು, ತೆರಿಯಾಕಿ ಮೊದಲಾದ ಹೊಳಪಿನ ಸಾಸ್‌ಗಳಲ್ಲೆಲ್ಲ ಇವು ಇರುತ್ತವೆ.

ಹಸಿ ಮೀನಿನ ಬಗ್ಗೆ ಅಂಜಿಕೆಯಿದ್ದರೆ ಮೀನು ತಾಜಾ ಇದೆಯೇ ಎಂದು ಕೇಳುವುದಕ್ಕಿಂತ ಅದನ್ನು ಹೆಪ್ಪುಗಟ್ಟಿಸಿದ್ದಾರೆಯೇ ಎಂದು ಕೇಳುವುದು ಸರಿಯಾದ ಪ್ರಶ್ನೆ. ಅನಿಸಾಕಿಸ್‌ನಂಥ ಪರಾವಲಂಬಿ ಹುಳುಗಳು ಸಾಯಬೇಕಾದರೆ ಆಳವಾದ ಶೈತ್ಯ ಬೇಕು. ಅಮೆರಿಕದ ಆಹಾರ ನಿಯಂತ್ರಕರ ಮಾರ್ಗಸೂಚಿಯ ಒಂದು ವಿಧಾನದ ಪ್ರಕಾರ ಮೈನಸ್ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ 7 ದಿನ, ಯುರೋಪಿನ ನಿಯಮದಲ್ಲಿ ಅದೇ ಶೈತ್ಯದಲ್ಲಿ ಕನಿಷ್ಠ 24 ಗಂಟೆ. ಸುಶಿ ಗ್ರೇಡ್ ಎಂಬ ಜಾಹೀರಾತಿನ ಮಾತಿಗೆ ಅಮೆರಿಕದಲ್ಲಿ ಕಾನೂನಿನ ವ್ಯಾಖ್ಯೆಯೇ ಇಲ್ಲ. ಗರ್ಭಿಣಿಯರು ಹಸಿ ಮೀನನ್ನು ಬಿಡುವುದರ ಜೊತೆಗೆ ಪಾದರಸದ ಅಂಶ ಹೆಚ್ಚಿರುವ ಬಿಗ್‌ಐ ಟ್ಯೂನಾ, ಕತ್ತಿಮೀನು ಮುಂತಾದವನ್ನು ಬೇಯಿಸಿದ್ದಾದರೂ ಬಿಡುವುದು ಒಳಿತು. ರೋಗನಿರೋಧಕ ಶಕ್ತಿ ಕುಂದಿದವರಿಗೂ ಹಸಿ ಮೀನು ತಕ್ಕುದಲ್ಲ. ಇಂಥವರಿಗೆ ಬೇಯಿಸಿದ ತಿನಿಸುಗಳ ಪುಟ ಕಡಿಮೆಯದೇನಲ್ಲ, ಫ್ಯೂಷನ್ ರೆಸ್ಟೋರೆಂಟುಗಳ ಅತ್ಯುತ್ತಮ ಅಡುಗೆ ಎಷ್ಟೋ ಸಲ ಅಲ್ಲೇ ಇರುತ್ತದೆ.

ತರಿಸುವ ಕ್ರಮ ಮತ್ತು ಪ್ರಮಾಣ

ಇಲ್ಲಿನ ತಟ್ಟೆಗಳು ಹಂಚಿಕೊಂಡು ತಿನ್ನುವುದಕ್ಕೆಂದೇ ಮಾಡಿದವು. ಇಬ್ಬರಿಗೆ ಸಣ್ಣ ತಟ್ಟೆಗಳು ಮೂರು, ಒಂದು ರೋಲ್, ಒಂದು ದೊಡ್ಡ ತಟ್ಟೆ ಎಂದು ಲೆಕ್ಕ ಹಿಡಿದರೆ ಸಾಮಾನ್ಯವಾಗಿ ಸಾಕಾಗುತ್ತದೆ. ರೋಲಿನಲ್ಲಿ ಆರೋ ಎಂಟೋ ತುಂಡುಗಳಿರುತ್ತವೆ, ನಿಗಿರಿ ಮಾತ್ರ ಒಂದೋ ಎರಡೋ ತುಂಡಿನ ಲೆಕ್ಕದಲ್ಲಿ ಬರುತ್ತದೆ. ಬಡಿಸುವವರು ಇನ್ನೂ ಎರಡು ಸೇರಿಸಿ ಎಂದು ಸೂಚಿಸುವುದು ವಾಡಿಕೆ. ನಗುತ್ತಾ, ಆಮೇಲೆ ನೋಡೋಣ ಎಂದುಬಿಡಿ.

ಈ ಜಾಗಗಳಲ್ಲಿ ನನಗೆ ಅತ್ಯಂತ ತಕರಾರಿರುವುದು ಯಾವುದು ಸಿದ್ಧವಾಯಿತೋ ಅದನ್ನು ತಂದಿಡುವ ಪದ್ಧತಿಯ ಮೇಲೆ. ಅಡುಗೆಮನೆಗೆ ಅದು ಅನುಕೂಲ, ತಿನ್ನುವವರಿಗೆ ಅಲ್ಲ: ಖಾರದ ಸುಟ್ಟ ಮಾಂಸ ಮೊದಲು ಬಂದು, ನಾಲಿಗೆ ಕಾದ ಮೇಲೆ ನವಿರಾದ ಬಿಳಿ ಮೀನು ಬಂದರೆ ಅದರ ರುಚಿ ನೀರಿನಷ್ಟೂ ತಿಳಿಯುವುದಿಲ್ಲ. ಪರಿಹಾರ ಸರಳ. ಎಲ್ಲವನ್ನೂ ಒಟ್ಟಿಗೆ ಹೇಳಬೇಡಿ. ಮೊದಲ ಸುತ್ತಿನಲ್ಲಿ ತಣ್ಣನೆಯವು, ಅಂದರೆ ಸಾಶಿಮಿ, ತಿರಾದಿತೊ, ಸಲಾಡ್, ಪರೀಕ್ಷೆಯ ಆ ನಿಗಿರಿ. ಅವು ಅರ್ಧ ಮುಗಿಯುವಾಗ ಕರಿದದ್ದು ಮತ್ತು ಸುಟ್ಟದ್ದು. ಕೊನೆಗೆ ಅನ್ನವೋ ನೂಡಲ್ಸೋ, ಸಾರು. ಜಪಾನಿನ ಸಾಂಪ್ರದಾಯಿಕ ಕೈಸೆಕಿ ಊಟದಲ್ಲೂ ಅನ್ನ, ಮಿಸೊ ಸಾರು, ಉಪ್ಪಿನಲ್ಲಿ ಊರಿಸಿದ ತರಕಾರಿ ಬರುವುದು ಕೊನೆಯ ಭಾಗದಲ್ಲಿ, ಸಿಹಿಗೆ ಸ್ವಲ್ಪ ಮುಂಚೆ. ಮೀನುಗಳಲ್ಲೂ ಇದೇ ನಡಿಗೆ: ಬಿಳಿ ಮೀನಿನಿಂದ ಶುರುಮಾಡಿ ಸಾಲ್ಮನ್, ಟ್ಯೂನಾಗಳ ಮೂಲಕ ಬಂಗುಡೆಯಂಥ ಗಾಢ ರುಚಿಯವಕ್ಕೆ, ಕೊನೆಗೆ ಸಿಹಿ ಸಾಸ್ ಹಚ್ಚಿದ ಹಾವುಮೀನಿಗೆ ಹೋಗಿ.

ಒಮಾಕಾಸೆ ತೆಗೆದುಕೊಂಡರೆ ಈ ತಲೆನೋವು ಇಲ್ಲ. ಆದರೆ ಮೊದಲ ಭೇಟಿಗೆ ನಾನು ಅದನ್ನು ಹೇಳುವುದಿಲ್ಲ. ಬಾಣಸಿಗರ ಕೈಯ ಪರಿಚಯವಾಗುವ ಮುನ್ನ ಅವರಿಗೆ ಇಡೀ ಸಂಜೆಯನ್ನೂ ದೊಡ್ಡ ಮೊತ್ತವನ್ನೂ ಒಪ್ಪಿಸುವುದು ಅವಸರ.

ತಿನ್ನುವಾಗ

ಕೂತ ಕೂಡಲೇ ಬರುವ ಬಿಸಿ ಅಥವಾ ತಣ್ಣನೆಯ ಒದ್ದೆ ಬಟ್ಟೆ ಕೈ ಒರೆಸಿಕೊಳ್ಳಲು, ಮುಖಕ್ಕಲ್ಲ. ಒರೆಸಿದ ಮೇಲೆ ಮಡಿಸಿ ಪಕ್ಕಕ್ಕಿಡಿ.

ಚಾಪ್‌ಸ್ಟಿಕ್ ಹಿಡಿಯಲು ಬಾರದಿದ್ದರೆ ಫೋರ್ಕ್ ಕೇಳುವುದರಲ್ಲಿ ಯಾವ ಅವಮಾನವೂ ಇಲ್ಲ. ಕಲಿಯುವ ಆಸೆಯಿದ್ದರೆ ಒಂದು ಮಾತು ಸಾಕು: ಕೆಳಗಿನ ಕಡ್ಡಿ ಹೆಬ್ಬೆರಳ ಬುಡದಲ್ಲೂ ಉಂಗುರದ ಬೆರಳ ಮೇಲೂ ಅಲುಗದೆ ಕೂರಬೇಕು, ಮೇಲಿನದನ್ನು ಪೆನ್ನಿನಂತೆ ಹಿಡಿದು ಅದೊಂದನ್ನೇ ಆಡಿಸಬೇಕು. ಎರಡನ್ನೂ ಆಡಿಸಲು ಹೋಗುವುದರಿಂದಲೇ ತುತ್ತು ಜಾರುವುದು. ಮಾಡಬಾರದವು ಎರಡು, ಎರಡೂ ಜಪಾನಿನ ಸಾವಿನ ಕ್ರಿಯೆಗಳಿಗೆ ಸಂಬಂಧಿಸಿದವು: ಅನ್ನದ ಬಟ್ಟಲಿನಲ್ಲಿ ಕಡ್ಡಿಗಳನ್ನು ನೆಟ್ಟಗೆ ಚುಚ್ಚಿ ನಿಲ್ಲಿಸಬಾರದು, ಸತ್ತವರಿಗೆ ಅನ್ನ ಇಡುವ ರೀತಿ ಅದು; ಒಬ್ಬರ ಕಡ್ಡಿಯಿಂದ ಇನ್ನೊಬ್ಬರ ಕಡ್ಡಿಗೆ ತಿನಿಸನ್ನು ದಾಟಿಸಬಾರದು, ದಹನದ ನಂತರ ಅಸ್ಥಿಯನ್ನು ಎತ್ತುವ ವಿಧಾನ ಅದು. ಹಂಚಿಕೊಳ್ಳುವಾಗ ತುಂಡನ್ನು ಅವರ ತಟ್ಟೆಯಲ್ಲಿಡಿ.

ನಿಗಿರಿಯನ್ನು ಕೈಯಿಂದ ತಿನ್ನುವುದು ತಪ್ಪಲ್ಲ, ಅದೇ ಹೆಚ್ಚು ಸಲೀಸು. ಹೆಬ್ಬೆರಳು ಮತ್ತು ಮಧ್ಯದ ಬೆರಳಿನಿಂದ ಎರಡು ಬದಿಗಳನ್ನು ಹಿಡಿದು, ತೋರುಬೆರಳನ್ನು ಮೀನಿನ ಮೇಲೆ ಹಗುರಾಗಿ ಇಟ್ಟು, ಪಕ್ಕಕ್ಕೆ ವಾಲಿಸಿ, ಮೀನಿನ ತುದಿಯನ್ನು ಮಾತ್ರ ಸೋಯಾ ಸಾಸಿಗೆ ಮುಟ್ಟಿಸಿ. ಅನ್ನದ ಬದಿಯನ್ನು ಅದ್ದಿದರೆ ಅದು ಸಾಸನ್ನೆಲ್ಲ ಹೀರಿಕೊಂಡು ತಟ್ಟೆಯಲ್ಲೇ ಒಡೆದುಹೋಗುತ್ತದೆ, ಬಾಯಿಗೆ ಉಪ್ಪೊಂದೇ ಉಳಿಯುತ್ತದೆ. ಒಂದೇ ತುತ್ತಿಗೆ ತಿನ್ನಿ. ಬಾಣಸಿಗರು ಆಗಲೇ ಸಾಸ್ ಸವರಿ ಹೊಳಪು ಬರಿಸಿದ್ದರೆ, ಅಥವಾ ಮೇಲೆ ಯೂಜು ಎಂಬ ನಿಂಬೆಜಾತಿಯ ಹಣ್ಣಿನ ಸಿಪ್ಪೆಯೋ ಮೆಣಸಿನಕಾಯಿಯ ಹೋಳೋ ಇದ್ದರೆ, ಸೋಯಾ ಬಟ್ಟಲನ್ನು ಮುಟ್ಟಬೇಡಿ. ಫ್ಯೂಷನ್ ತಟ್ಟೆಗಳಲ್ಲಿ ಹೆಚ್ಚಿನವು ಹೀಗೆ ಪೂರ್ತಿಗೊಂಡೇ ಬರುವಂಥವು.

ಹಸಿರು ಮುದ್ದೆಯಂತೆ ಬರುವ ವಾಸಾಬಿ ಬಹುತೇಕ ಕಡೆ ಹಾರ್ಸ್‌ರ‍್ಯಾಡಿಶ್ ಎಂಬ ಬೇರೆ ಗಡ್ಡೆಗೆ ಸಾಸಿವೆ ಮತ್ತು ಬಣ್ಣ ಸೇರಿಸಿದ್ದು. ನಿಜವಾದ ವಾಸಾಬಿಯನ್ನು ನಿಮ್ಮ ಮುಂದೆಯೇ ತುರಿದುಕೊಟ್ಟರೆ ತಡಮಾಡದೆ ಬಳಸಿ, ತುರಿದ ಕಾಲು ಗಂಟೆಯೊಳಗೆ ಅದರ ಪರಿಮಳ ಇಳಿದುಹೋಗುತ್ತದೆ. ಎರಡನ್ನೂ ಸೋಯಾ ಸಾಸಿನಲ್ಲಿ ಕಲಸಿ ಕೆಸರು ಮಾಡುವ ಬದಲು ಮೀನಿನ ಮೇಲೆ ಒಂದು ಚುಕ್ಕೆ ಇಟ್ಟುಕೊಳ್ಳುವುದು ಲೇಸು. ಊರಿಸಿದ ಶುಂಠಿ ಒಂದು ಮೀನಿನಿಂದ ಇನ್ನೊಂದಕ್ಕೆ ಹೋಗುವ ನಡುವೆ ಬಾಯಿ ತಿಳಿಮಾಡಿಕೊಳ್ಳಲು ಇರುವುದು, ಸುಶಿಯ ಮೇಲೆ ಹೊದಿಸಿ ತಿನ್ನಲು ಅಲ್ಲ.

ತೆಮಾಕಿ ಎಂಬ ಕೈಸುರುಳಿ ಬಂದರೆ ಫೋಟೋ ತೆಗೆಯುತ್ತಾ ಕೂರಬೇಡಿ. ಕಡಲಪಾಚಿಯ ಹಾಳೆ ಅನ್ನದ ತೇವ ಹೀರಿ ಒಂದೆರಡು ನಿಮಿಷದಲ್ಲೇ ಮೆತ್ತಗಾಗಿ ರಬ್ಬರಿನಂತೆ ಎಳೆಯತೊಡಗುತ್ತದೆ. ತೆಂಪುರಾದ ಕಥೆಯೂ ಅದೇ. ಮಿಸೊ ಸಾರನ್ನು ಬಟ್ಟಲೆತ್ತಿ ಕುಡಿಯಬಹುದು. ನೂಡಲ್ಸನ್ನು ಸದ್ದು ಮಾಡಿ ಹೀರುವುದು ಜಪಾನಿನಲ್ಲಿ ಸಹಜ. ನಿಮ್ಮ ಮೇಜಿನ ಸುತ್ತ ಯಾರಿದ್ದಾರೆ ಎಂಬುದನ್ನು ನೋಡಿ ನೀವೇ ತೀರ್ಮಾನಿಸಿ.

ಕುಡಿಯಲು

ಸಾಕೆ ಕುಡಿಯುವವರಿಗೆ ಎರಡು ಪದಗಳು ಸಾಕು. ಗಿಂಜೊ ಎಂದರೆ ಅಕ್ಕಿಯ ಕಾಳನ್ನು ಉಜ್ಜಿ ಶೇಕಡಾ 60 ಅಥವಾ ಅದಕ್ಕಿಂತ ಕಡಿಮೆ ಉಳಿಸಿಕೊಂಡದ್ದು, ದೈಗಿಂಜೊ ಎಂದರೆ ಶೇಕಡಾ 50 ಅಥವಾ ಅದಕ್ಕಿಂತ ಕಡಿಮೆ ಉಳಿಸಿಕೊಂಡದ್ದು. ಎರಡೂ ಹೂಹಣ್ಣಿನ ಪರಿಮಳದವು, ತಣ್ಣಗೆ ಕುಡಿಯುವಂಥವು, ಹಸಿ ಮೀನಿಗೆ ಹೊಂದುತ್ತವೆ. ಮದ್ಯಸಾರ ಸುಮಾರು ಶೇಕಡಾ 15, 16ರಷ್ಟು, ಅಂದರೆ ವೈನಿಗಿಂತ ತುಸು ಹೆಚ್ಚು. ಸುಟ್ಟ ಮತ್ತು ಕರಿದ ತಿನಿಸಿಗೆ ದುಬಾರಿ ದೈಗಿಂಜೊ ತರಿಸುವುದು ದಂಡ, ಬಿಯರ್ ಸಾಕು. ಕುಡಿಯದವರು ಹೋಜಿಚಾ ಎಂಬ ಹುರಿದ ಚಹಾ ಕೇಳಿ. ಜಿಡ್ಡಿನ ತಟ್ಟೆಗಳ ನಡುವೆ ಅದರಷ್ಟು ಕೆಲಸಕ್ಕೆ ಬರುವ ಪಾನೀಯ ಇನ್ನೊಂದಿಲ್ಲ, ಬಣ್ಣಬಣ್ಣದ ಸಿಹಿ ಮಾಕ್‌ಟೇಲುಗಳು ಮೀನಿನ ರುಚಿಯನ್ನೇ ನುಂಗುತ್ತವೆ.

ಸಿಹಿ, ಬಿಲ್ಲು, ಉಳಿದದ್ದು

ಸಿಹಿಯಲ್ಲಿ ಮಾಚ್ಚಾ ಎಂಬ ಹಸಿರು ಚಹಾದ ಪುಡಿ ಇರುವುದನ್ನು ಆರಿಸಿಕೊಳ್ಳುವುದಾದರೆ ಅದರಲ್ಲಿ ಸ್ವಲ್ಪ ಕಹಿ ಇರಲೇಬೇಕು. ಬರೀ ಹಸಿರು ಬಣ್ಣದ ಸಿಹಿ ಬಂದರೆ ಮುಂದಿನ ಸಲ ಬೇಡ. ಮೋಚಿ ಐಸ್‌ಕ್ರೀಮನ್ನು ಎಳೆ ಮಕ್ಕಳಿಗೂ ವಯಸ್ಸಾದವರಿಗೂ ಸಣ್ಣ ಸಣ್ಣ ತುಂಡು ಮಾಡಿ ಕೊಡಿ, ಆ ಅಕ್ಕಿ ಹಿಟ್ಟಿನ ಹೊದಿಕೆ ಗಂಟಲಿಗೆ ಅಂಟಿಕೊಳ್ಳುವಂಥದ್ದು.

ಬಿಲ್ಲು ಬಂದಾಗ ಸೇವಾಶುಲ್ಕ ಆಗಲೇ ಸೇರಿದೆಯೇ ಎಂದು ಮೊದಲು ನೋಡಿ. ಜಪಾನಿನಲ್ಲಿ ಟಿಪ್ಸ್ ಕೊಡುವ ರೂಢಿಯಿಲ್ಲ, ಆದರೆ ಊಟ ಜಪಾನೀಯಾದ ಮಾತ್ರಕ್ಕೆ ರೆಸ್ಟೋರೆಂಟು ಇರುವ ಊರಿನ ರೂಢಿ ಬದಲಾಗುವುದಿಲ್ಲ. ಕೇಳದೆಯೇ ಬಂದ ಸಣ್ಣ ಬಟ್ಟಲಿಗೂ ಹಣ ಹಾಕಿದ್ದರೆ ಬೆಚ್ಚಬೇಡಿ, ಇಜಾಕಾಯಾ ಎಂಬ ಜಪಾನೀ ಪಾನಗೃಹದ ಮಾದರಿಯ ಜಾಗಗಳಲ್ಲಿ ಓತೊಶಿ ಎಂಬ ಇಂಥ ಆರಂಭದ ತಿನಿಸಿಗೆ ಶುಲ್ಕವಿರುವುದು ಪದ್ಧತಿ. ನಿಮ್ಮದಲ್ಲದ ತಟ್ಟೆ ಬಿಲ್ಲಿನಲ್ಲಿದ್ದರೆ ಮಾತ್ರ ಅಲ್ಲೇ ಹೇಳಿ. ಸಣ್ಣ ತಟ್ಟೆಗಳು ಹತ್ತಾರು ಬರುವ ಮೇಜಿನಲ್ಲಿ ಲೆಕ್ಕ ತಪ್ಪುವುದು ಸುಲಭ.

ಉಳಿದದ್ದನ್ನು ಕಟ್ಟಿಸಿಕೊಳ್ಳುವಾಗ ಬೇಯಿಸಿದ್ದನ್ನು ಮಾತ್ರ ಕಟ್ಟಿಸಿಕೊಳ್ಳಿ. ಹಸಿ ಮೀನಿನ ಸುಶಿ ದಾರಿಯಲ್ಲಿ ಬಿಸಿಯಾದರೆ ಅಪಾಯ, ಫ್ರಿಜ್ಜಿನಲ್ಲಿಟ್ಟರೆ ಅದರ ಅನ್ನ ಗಡುಸಾಗುತ್ತದೆ. ಕೊನೆಯ ಎರಡು ತುಂಡುಗಳನ್ನು ಯಾರಿಗೆ ಹಸಿವಿದೆಯೋ ಅವರು ಅಲ್ಲೇ ಮುಗಿಸಿಬಿಡುವುದು ಸರಿ.